ಬಿಳಿ ಗೆರೆಯ ಒಳಗೆ

೨೦೨೩ರ ಮಾರ್ಚ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

"ಚಪ್ಪಲಿ ಹೊರಗೆ ಬಿಡು ಅಂದಿದ್ದು ಕಿವಿಗೆ ಬೀಳಲಿಲ್ವ? ಕಾರ್ಪೆಟ್ ಏನು ನಿಮ್ಮಪ್ಪ ಹಾಸಿದ್ನ?"

ಬಂದರು ಮಂಡಳಿಯ ಸಭೆಯ ಕೋಣೆಯ ಬಾಗಿಲಲ್ಲಿ ಮೇಸ್ತ್ರಿ ಹೀಗೆಂದದ್ದು ಅವಳೊಬ್ಬಳಿಗೇ. ಅವಳಿಗಿಂತ ಮುಂದೆ ಹೋದ ಹಡಗು ಕಂಪನಿಯವರು ಬೂಟು ಹಾಕಿಕೊಂಡೇ ಒಳಗೆ ನಡೆದಿದ್ದರು. ಅವಳು ಚಪ್ಪಲಿ ಬಿಟ್ಟಳು. ಅಂಗಾಲಿಗೆ ಹತ್ತಿದ್ದ ಅದಿರಿನ ಕೆಂಪು ಪುಡಿ ಬೂದು ಕಾರ್ಪೆಟ್ಟಿನ ಮೇಲೆ ಬಾಗಿಲಿನಿಂದ ಕುರ್ಚಿಯವರೆಗೆ ಐದೈದು ಬೆರಳಿನ ಗುರುತು ಹಾಕುತ್ತ ಹೋಯಿತು. ಚಪ್ಪಲಿ ಇದ್ದಿದ್ದರೆ ಅಷ್ಟು ಕೊಳೆಯಾಗುತ್ತಿರಲಿಲ್ಲ.

ಅವಳು ಬಂದರಿನಲ್ಲಿ ಗುಡಿಸುವವಳು. ಹಡಗಿಗೆ ಅದಿರು ತುಂಬುವಾಗ ಕ್ರೇನಿನ ಬಾಯಿಂದ ಉದುರಿದ್ದನ್ನು, ಹಡಗು ನಿಲ್ಲುವ ಧಕ್ಕೆಯ ಉದ್ದಕ್ಕೂ ಗುಡಿಸಿ ಗುಡ್ಡೆ ಮಾಡುವುದು ಅವಳ ಕೆಲಸ. ಎರಡು ವರ್ಷದ ಹಿಂದಿನವರೆಗೆ ಅವಳ ಗಂಡ ಅದೇ ಧಕ್ಕೆಯಲ್ಲಿ ಹಗ್ಗದವನಾಗಿದ್ದ. ಬಂದ ಹಡಗಿನ ಹಗ್ಗ ಹಿಡಿದು ಕಬ್ಬಿಣದ ಗೂಟಕ್ಕೆ ಸಿಕ್ಕಿಸುವವನು. ಈ ದಿನದ ಸಭೆಗೆ ಕೂಲಿಯವರ ಕಡೆಯಿಂದ ಒಬ್ಬ ಹೆಂಗಸು ಇರಬೇಕೆಂದು ಕಾಗದದಲ್ಲಿ ಬರೆದಿತ್ತು. ಎಲ್ಲರಿಗಿಂತ ಕಡಿಮೆ ಮಾತಾಡುವವಳೆಂದು ಮೇಸ್ತ್ರಿ ಅವಳನ್ನು ಕರೆತಂದಿದ್ದ.

ಗೋಡೆಯ ಮೇಲೆ ಹತ್ತೊಂಬತ್ತು ರಟ್ಟುಗಳು. ಮುಂದಿನ ಐದು ವರ್ಷಕ್ಕೆ ಬಂದರು ಮಂಡಳಿ ಮಾಡಬಹುದಾದ ಹತ್ತೊಂಬತ್ತು ಕೆಲಸ. ಹಣ ಇದ್ದದ್ದು ಮೊದಲ ಆರಕ್ಕೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಂದರಿಗೆ ಸಂಬಂಧಪಟ್ಟವರೇ ಬಣ್ಣದ ಬೊಟ್ಟು ಅಂಟಿಸಿ ಹೇಳಬೇಕು. ಹಡಗು ಕಂಪನಿಯವರಿಗೆ ತಲೆಗೆ ಐದು ನೀಲಿ ಬೊಟ್ಟು, ವ್ಯಾಪಾರಿಗಳಿಗೆ ಮೂರು ಹಸಿರು. ಅವಳ ಕೈಗೆ ಒಂದು ಹಳದಿ ಬಂತು.

"ಇದು ನಿಮ್ಮ ಬಂದರು ಕಣಮ್ಮಾ," ಎಂದ ಯೋಜನಾಧಿಕಾರಿ. ಮೆತ್ತಗಿನ ದನಿಯ ಮನುಷ್ಯ. "ಏನು ಬೇಕೋ ನೀವೇ ಹೇಳ್ಬೇಕು. ಹೆದರ್ಕೋಬೇಡಿ."

"ನಂಗೆ ಓದಕ್ಕೆ ಬರಲ್ಲ ಸಾರ್. ಏಣಿ ಯಾವುದು?"

ಅವನು ಹುಡುಕಿದ. "ಹದಿನೇಳನೇದು. ಧಕ್ಕೆ ಗೋಡೆಗೆ ಕಬ್ಬಿಣದ ಏಣಿ, ಎಂಟು."

ಅವಳು ಬೊಟ್ಟನ್ನು ಹೆಬ್ಬೆರಳಿನಲ್ಲಿ ಬಲವಾಗಿ ಒತ್ತಿ ಅಂಟಿಸಿದಳು. ಆ ರಟ್ಟಿನ ಮೇಲೆ ಕೊನೆಯವರೆಗೂ ಉಳಿದದ್ದು ಅದೊಂದೇ. ಬಂದ ಅತಿಥಿಗಳು ನಿಂತು ಹಡಗು ನೋಡುವ ಗಾಜಿನ ಮಂಟಪದ ರಟ್ಟಿನಲ್ಲಿ ನೀಲಿ ಬೊಟ್ಟುಗಳಿಗೆ ಜಾಗ ಸಾಲದೆ ಅಂಚಿಗೂ ಅಂಟಿದವು.

ಆಮೇಲೆ ಪರದೆಯ ಮೇಲೆ ಅಂಕಗಳು ಮೂಡಿದವು. ಅಧಿಕಾರಿ ಒಂದೊಂದು ಸಾಲಿಗೂ ಕೋಲಿಟ್ಟು ಓದಿ ಹೇಳುತ್ತ ಹೋದ. ಬೊಟ್ಟಿಗೆ ಅರವತ್ತು, ಸುರಕ್ಷತೆಗೆ ನಲವತ್ತು. ಏಣಿಯ ಮುಂದೆ ಸುರಕ್ಷತೆಯ ಮನೆಯಲ್ಲಿ ಸೊನ್ನೆ. ಸೊನ್ನೆ ಅವಳಿಗೂ ಗೊತ್ತಿತ್ತು.

"ಸೊನ್ನೆ ಯಾಕೆ ಸಾರ್?"

ಮೇಸ್ತ್ರಿ ಹಿಂದಿನಿಂದ ಅವಳ ಸೆರಗು ಜಗ್ಗಿದ.

"ಸಾವು ಆಗಿದ್ರೆ ಮಾರ್ಕು ಬರ್ತಿತ್ತಮ್ಮಾ. ಐದು ವರ್ಷದಲ್ಲಿ ಗೇಟಿನೊಳಗೆ ಒಂದೂ ಸಾವಿಲ್ಲ. ಸಂತೋಷದ ವಿಷಯ ತಾನೇ ಇದು?"

ಸಂತೋಷಕ್ಕೆ ಕೆಲವರು ಮೇಜು ಕುಟ್ಟಿದರು.

"ನನ್ನ ಗಂಡ ಅಲ್ಲೇ ಸತ್ತಿದ್ದು."

ಅಧಿಕಾರಿ ತಾಳ್ಮೆಯಿಂದ ಕಂಪ್ಯೂಟರಿನಲ್ಲಿ ಹುಡುಕಿದ. ಪರದೆಯ ಮೇಲೆ ಒಂದು ಕಾಗದ ತೆರೆದುಕೊಂಡಿತು. ಅದರ ಬುಡದಲ್ಲಿ ತಟ್ಟೆಯಷ್ಟು ದೊಡ್ಡದಾಗಿ ಒಂದು ಹೆಬ್ಬೆಟ್ಟಿನ ಗುರುತು. ನಡುವೆ ಅಡ್ಡಗೆರೆ, ಹುಡುಗಿಯಾಗಿದ್ದಾಗ ಕುಡುಗೋಲು ತಾಗಿದ್ದು.

"ರಜೆ ಹಾಕಿ, ಗೇಟಿನಾಚೆ ಬಂಡೆ ಹತ್ರ ಈಜಕ್ಕೆ ಹೋಗಿ ಮುಳುಗಿದ್ದು ಅಂತಿದೆ. ಈ ಹೆಬ್ಬೆಟ್ಟು ನಿಮ್ದೇ ಅಲ್ವ?"

"ನಂದೇ."

"ಮತ್ತೆ?"

ಹಡಗು ಕಂಪನಿಯವನೊಬ್ಬ ಬಿಸ್ಕತ್ತು ಮುರಿಯುತ್ತ, "ಸತ್ತವನು ಎದ್ದು ಗೇಟಿನಾಚೆ ನಡ್ಕೊಂಡು ಹೋಗಿರ್ಬೇಕು ಬಿಡಿ," ಎಂದ. ಸಭೆ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಮೇಸ್ತ್ರಿ. ಅವನಿಗೆ ಗೊತ್ತಿತ್ತು.

ಸತ್ತವನು ನಡೆದುಕೊಂಡೇ ಹೋಗಿದ್ದ.

ಧಕ್ಕೆಯ ಅಂಚಿನಿಂದ ನೀರಿಗೆ ಬಿದ್ದ ಅವಳ ಗಂಡನಿಗೆ ಚೆನ್ನಾಗಿ ಈಜು ಬರುತ್ತಿತ್ತು. ಅದರಿಂದಾಗಿ ಸಾಯಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ನೀರು ಇಳಿದ ಹೊತ್ತು; ಧಕ್ಕೆಯ ಗೋಡೆ ಎರಡಾಳುದ್ದ ಮೇಲಕ್ಕೆ ನೆಟ್ಟಗೆ, ಪಾಚಿ ಹಿಡಿದು, ಬೆರಳಿಡಲು ಒಂದು ಸಂದಿಲ್ಲದೆ ನಿಂತಿತ್ತು. ಮೇಲಿನವರು ಎಸೆದದ್ದು ಹಡಗಿನ ಹಗ್ಗ, ತೊಡೆಯಷ್ಟು ದಪ್ಪ. ಮರಗಟ್ಟಿದ ಕೈಗೆ ಅದು ಹಿಡಿತಕ್ಕೆ ಸಿಗಲಿಲ್ಲ. ದೋಣಿ ಬರುವಷ್ಟರಲ್ಲಿ ಮುಗಿದಿತ್ತು.

ಆಮೇಲೆ ಗೆರೆ ದಾಟಿಸಿದರು. ಹಗ್ಗದವರು ಅದಕ್ಕೆ ಹಾಗೇ ಅನ್ನುತ್ತಿದ್ದರು. ಗೇಟಿನ ಬುಡದಲ್ಲಿ ಒಂದು ಬಿಳಿ ಗೆರೆ, ಅದರಿಂದಾಚೆ ಬಂದರಲ್ಲ. ಒಳಗೆ ಸಾವಾದರೆ ವಿಚಾರಣೆ ಮುಗಿಯುವವರೆಗೆ ಇಡೀ ಗುಂಪಿನ ಮೂವತ್ತು ಜನರ ಪಾಸು ರದ್ದು. ಹಾಗಾಗಿ ಹೆಣದ ತಲೆಗೆ ಟವೆಲ್ ಹೊದಿಸಿ, ಕುಡಿದವನನ್ನು ಕರೆದೊಯ್ಯುವಂತೆ ಇಬ್ಬರು ಎರಡು ಕಡೆ ತೋಳು ಹಿಡಿದು ನಡೆಸುವುದು. ಗೇಟಿನವನು ಆ ಹೊತ್ತಿಗೆ ಆಕಾಶ ನೋಡುವುದು. ಅವಳ ಗಂಡನ ಬಲತೋಳು ಹಿಡಿದವನು ಅವನ ಸ್ವಂತ ತಮ್ಮ. ಹೆಬ್ಬೆಟ್ಟು ಒತ್ತಿದ ದಿನ ಮೇಸ್ತ್ರಿ ಅವಳ ಕೈಗೆ ಪೊರಕೆ ಕೊಟ್ಟ.

ಸಭೆ ಮುಗಿದ ಸಂಜೆ ಆ ಮೈದುನ ಬೀದಿ ನಲ್ಲಿಯಲ್ಲಿ ಕೊಡಕ್ಕೆ ನೀರು ಹಿಡಿಯುತ್ತಿದ್ದ. ಅವನೂ ಹಗ್ಗದವನೇ.

"ಐದು ವರ್ಷದಲ್ಲಿ ನಾಲ್ಕು ಜನರನ್ನ ದಾಟಿಸಿದೀರಿ," ಎಂದಳು. "ನಾಲ್ಕೂ ಒಳಗೇ ಇದ್ದಿದ್ರೆ ಏಣಿ ಬರ್ತಿತ್ತಂತೆ."

"ಪಾಸು ಹೋದ್ರೆ ಮೂವತ್ತು ಮನೆಗೆ ನೀನು ಅನ್ನ ಹಾಕ್ತೀಯ ಅತ್ತಿಗೆ?"

"ನಾನೂ ಹೆಬ್ಬೆಟ್ಟು ಒತ್ತಿದೀನಲ್ಲ. ನಿನ್ನೊಬ್ಬನ್ನೇ ಅಂತಿಲ್ಲ."

ಅವನು ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. "ಸಾವಿಗೆ ನಲವತ್ತು ಮಾರ್ಕಾ?"

"ಹೂಂ."

"ಸ್ಕೂಲಲ್ಲಿ ನಂಗೆ ಯಾವತ್ತೂ ಅಷ್ಟು ಬಿದ್ದಿರ್ಲಿಲ್ಲ ನೋಡು," ಎಂದು ಕೊಡ ಹೆಗಲಿಗೇರಿಸಿದ.

ಮೇ ಆರು, ಶನಿವಾರ, ಮಧ್ಯಾಹ್ನ ಎರಡೂ ನಲವತ್ತಕ್ಕೆ ಹಡಗಿನ ಹಗ್ಗ ಜಗ್ಗಿ ಮೈದುನನನ್ನು ಧಕ್ಕೆಯ ಅಂಚಿನಿಂದ ಎತ್ತಿ ನೀರಿಗೆ ಒಗೆಯಿತು. ನೀರು ಇಳಿದಿತ್ತು. ಅವಳು ಅಂಚಿನಲ್ಲಿ ಬೋರಲು ಮಲಗಿ ಪೊರಕೆಯ ಕೋಲು ಕೆಳಗೆ ಚಾಚಿದಳು. ಕೋಲಿನ ತುದಿಗೂ ಅವನ ಬೆರಳಿಗೂ ನಡುವೆ ಒಂದು ಆಳು ನಿಲ್ಲುವಷ್ಟು ಜಾಗ. ಅವನು ಗೋಡೆ ಪರಚುತ್ತಿದ್ದ. ಒಮ್ಮೆ ಮೇಲೆ ನೋಡಿ "ಅತ್ತಿಗೆ" ಎಂದ. ಹದಿನಾಲ್ಕು ನಿಮಿಷ. ದೋಣಿಯವರು ಕೊಕ್ಕೆ ಹಾಕಿ ಎಳೆದು ಮೇಲಕ್ಕೇರಿಸಿದಾಗ ಹತ್ತು ಬೆರಳಿನಲ್ಲಿ ಉಳಿದಿದ್ದ ಉಗುರು ನಾಲ್ಕು.

ಮೇಸ್ತ್ರಿ ಟವೆಲ್ ಎಸೆದ. "ಎತ್ರೋ. ಗೆರೆ ದಾಟಿಸಿ, ಬೇಗ."

ಇಬ್ಬರು ಹಗ್ಗದವರು ತೋಳಿಗೆ ಕೈ ಹಾಕಿದರು. ಅವಳು ಹೆಣದ ಮೊಣಕಾಲ ಮೇಲೆ ಕುಳಿತಳು.

"ಇಳಿಸ್ರಪ್ಪ."

"ಏಯ್ ಮುಂಡೆ, ಒಬ್ಬನ್ನ ತಿಂದಿದ್ದು ಸಾಲ್ದಾ? ಏಳೇ ಮೇಲೆ."

ಮೇಸ್ತ್ರಿ ಒದ್ದ. ಅವಳು ಪಕ್ಕಕ್ಕೆ ವಾಲಿ ಮತ್ತೆ ನೆಟ್ಟಗಾದಳು. ಬಲತೋಳು ಹಿಡಿದವನು ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದ: "ಅಕ್ಕಾ, ಮೂವತ್ತು ಜನದ ಹೊಟ್ಟೆ ಮೇಲೆ ಹೊಡೀಬೇಡ. ನನ್ನ ಮಕ್ಕಳ ಮುಖ ನೋಡು."

"ನೋಡ್ತೀನಪ್ಪ. ಮುಂದೆ ನೀನು ಬಿದ್ದಾಗ ನಿನ್ನ ಬಲಗೈ ಯಾರು ಹಿಡ್ಕೋಬೇಕು, ಈಗ್ಲೇ ಹೇಳ್ಬಿಡು."

ಅವನು ಹಿಡಿದಿದ್ದ ಕೈ ನೋಡಿದ. ಬೆರಳ ತುದಿ ನೋಡಿದ. ಮೆಲ್ಲಗೆ ಕೆಳಗಿಟ್ಟ.

ಅವಳು ದೋಣಿಯವರು ತಂದಿದ್ದ ಸಣ್ಣ ಹಗ್ಗ ಎಳೆದುಕೊಂಡು ಮೈದುನನ ನಡುವಿಗೆ ಎರಡು ಸುತ್ತು ಹಾಕಿ, ಇನ್ನೊಂದು ತುದಿಯನ್ನು ಹಡಗು ಕಟ್ಟುವ ಗೂಟಕ್ಕೆ ಬಿಗಿದಳು. ಗಂಡ ಕಲಿಸಿದ ಗಂಟು, ಎಳೆದಷ್ಟೂ ಕಚ್ಚಿಕೊಳ್ಳುವುದು. ಮೇಸ್ತ್ರಿ ಚಾಕು ತೆಗೆದ. "ಬೋಳಿಮಕ್ಳಾ, ನೋಡ್ತಾ ನಿಂತಿದೀರಲ್ರೋ," ಎಂದು ಬಗ್ಗಿದ. ಬಲತೋಳು ಬಿಟ್ಟವನು ಬಂದು ಹಗ್ಗದ ಮೇಲೆ ಕಾಲಿಟ್ಟು ನಿಂತ. ಇನ್ನೊಬ್ಬ ಅವನ ಪಕ್ಕಕ್ಕೆ ಬಂದ. ಆಮೇಲೆ ದೋಣಿಯವರು. ಮೇಸ್ತ್ರಿ ಬಗ್ಗಿದಲ್ಲೇ ಚಾಕು ನಿಂತಿತು.

ಸ್ವಲ್ಪ ದೂರದಲ್ಲಿ ಮಂಟಪಕ್ಕೆ ಜಾಗ ಅಳೆಯಲು ಬಂದಿದ್ದ ಸರ್ವೆಯವನು ಉದ್ದನೆಯ ಟೇಪು ಹಿಡಿದು ನಿಂತಿದ್ದ. ಗಾಜಿನ ಮಂಟಪ ಮೊದಲನೆಯದಾಗಿ ಮಂಜೂರಾಗಿತ್ತು.

"ಅಣ್ಣಾ, ಆ ಟೇಪು ಕೊಡಿ."

"ಇದು ಬೇರೆ ಕೆಲಸಕ್ಕೆ ತಂದಿರೋದಮ್ಮಾ."

"ಗೊತ್ತು. ಕೊಡಿ."

ಅವನು ಕೊಡಲಿಲ್ಲ. ಹಗ್ಗದವನೊಬ್ಬ ಅವನ ಕೈಯಿಂದ ತುದಿಯನ್ನು ಕಿತ್ತುಕೊಂಡು ಗೇಟಿನ ಕಡೆ ಹೊರಟ. ಐವತ್ತು ಮೀಟರಿನ ಟೇಪು. ಆರು ಸಲ ಪೂರ್ತಿ ಎಳೆದು, ಇಟ್ಟು, ಸುಣ್ಣದ ಗುರುತು ಹಾಕಿದರು; ಏಳನೆಯ ಸಲ ಟೇಪು ಕಾಲುಭಾಗ ಬಿಚ್ಚುವಷ್ಟರಲ್ಲಿ ಗೆರೆ ಸಿಕ್ಕಿತು. ಗೇಟಿನವನು ಈ ಸಲ ಆಕಾಶ ನೋಡಲಿಲ್ಲ. ಪಾಸುಗಳನ್ನು ಕಸಿದುಕೊಳ್ಳಲು ಹೊರಬಂದು ಕೈಚಾಚಿದ. ಮೊದಲನೆಯದನ್ನು, ಟೇಪಿನ ಜೊತೆಗೇ ನಡೆದು ಬಂದಿದ್ದ ಅವಳೇ ಕೊರಳಿಂದ ತೆಗೆದು ಅವನ ಕೈಗಿಟ್ಟಳು. ಉಳಿದವರು ಸಾಲಾಗಿ ಬಂದರು.

"ಬರ್ಕೊಳ್ಳಿ," ಎಂದಳು, ಟೇಪಿನ ಹಿಂದೆಯೇ ಬಂದಿದ್ದ ಸರ್ವೆಯವನಿಗೆ.

"ಏನಂತ?"

"ನಿಮ್ಮ ಟೇಪು ಏನು ಹೇಳುತ್ತೋ ಅದು."

ಅಳತೆ ಕೇಳಿದ ಕೈ ಅಭ್ಯಾಸದಿಂದ ತಾನಾಗಿಯೇ ಪುಸ್ತಕ ತೆರೆಯಿತು. ಮಂಟಪದ ಅಳತೆಗಳ ಕೆಳಗೆ ಅವನು ಬರೆದ: ಬಿಳಿ ಗೆರೆಯಿಂದ ಒಳಕ್ಕೆ, ಹೆಣದ ತಲೆಯವರೆಗೆ, ಮುನ್ನೂರ ಹನ್ನೆರಡು ಮೀಟರ್ ನಲವತ್ತು ಸೆಂಟಿಮೀಟರ್.