ಸುತ್ತಿಗೆಯ ಹೆಸರು

ಸ್ಪೇನಿನ ತ್ರಿಯಾನಾ ಕೇರಿಯ ಕುಲುಮೆಗಳಲ್ಲಿ ಕಮ್ಮಾರರು ಹಾಡುವ ಮಾರ್ತಿನೇತೆ ಹಾಡಿಗೆ ಗಿಟಾರ್ ಇಲ್ಲ. ಅಡೆಗಲ್ಲಿನ ಮೇಲೆ ಬೀಳುವ ಸುತ್ತಿಗೆಯೇ ತಾಳ. ಹಾಡುವವನು ಅಣ್ಣ ಎಲಾದಿಯೊ, ಸುತ್ತಿಗೆ ಹೊಡೆಯುವವಳು ತಂಗಿ ಸಲೂದ್. ಹೊಗಳಿಕೆಯೆಲ್ಲ ಅವನಿಗೇ. ಅದನ್ನು ಕೇಳಿ ಕೇಳಿ ಅವಳ ಹೊಟ್ಟೆ ಕುಲುಮೆಗಿಂತ ಜೋರಾಗಿ ಉರಿಯುತ್ತಿತ್ತು.

ಅಂದು ಹಾಡುಗಳನ್ನು ಬರೆದುಕೊಳ್ಳುವ ಪಂಡಿತರೊಬ್ಬರು ಬಂದು, ಹಾಡಿಗೆ ಆ ಹೆಸರು ಎಲ್ಲಿಂದ ಬಂತೆಂದು ಕೇಳಿದರು.

"ನಮ್ಮ ತಾತನ ಗಂಟಲಿಂದ ಸ್ವಾಮಿ. ಈಗ ನನ್ನ ಗಂಟಲಲ್ಲೈತೆ, ಬರ್ಕೊಳ್ಳಿ," ಎಂದು ಎಲಾದಿಯೊ ಹಾಡತೊಡಗಿದ.

ಸಲೂದ್ ಸುತ್ತಿಗೆ ಕೆಳಗಿಟ್ಟಳು. ಎರಡನೇ ಸಾಲಿಗೇ ಹಾಡು ದಾರಿ ತಪ್ಪಿತು.

"ಹೊಡಿಯೇ, ಕೈಗೇನು ಬಂತು?"

"ಗಂಟಲಲ್ಲೇ ಐತಲ್ಲಣ್ಣ, ಹಾಡು!" ಎಂದವಳು ಪಂಡಿತರತ್ತ ತಿರುಗಿದಳು. "ಮಾರ್ತಿನೇತೆ ಅಂದ್ರೆ ಸುತ್ತಿಗೆ ಸ್ವಾಮಿ. ಅದನ್ನ ಬರ್ಕೊಳ್ಳಿ. ಕೆಳಗೆ ಹೊಡೆಯೋಳ ಹೆಸರೂ ಬರೀರಿ."

ಅವರು ಎರಡನ್ನೂ ಬರೆದು ಮುಗಿಸುವವರೆಗೆ ಅವಳು ಸುತ್ತಿಗೆ ಎತ್ತಲಿಲ್ಲ.