ಚಾರ್ಟಿನಲ್ಲಿ ಖಾಲಿ ಬಿಟ್ಟ ದಿನ

ಭದ್ರಾವತಿಯ ಹೊರವಲಯದಲ್ಲಿದ್ದ ಆ ಎರಕದ ಕಾರ್ಖಾನೆಗೆ ಜ್ಞಾನೇಶ್ ಪ್ಲಾನಿಂಗ್ ಎಂಜಿನಿಯರ್ ಆಗಿ ಸೇರಿದ್ದು ಎರಡು ಸಾವಿರದ ಇಸವಿಯಲ್ಲಿ. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ದಿನಾ ಬೈಕಿನಲ್ಲಿ ಓಡಾಟ. ವರ್ಷಕ್ಕೊಮ್ಮೆ ಅಲ್ಲಿ ಕುಲುಮೆ ಆರಿಸಿ, ಒಳಗೆ ಸುಟ್ಟು ಸವೆದ ಇಟ್ಟಿಗೆ ಕಿತ್ತು ಹೊಸದು ಕಟ್ಟುತ್ತಿದ್ದರು. ಶಟ್‌ಡೌನ್ ಎನ್ನುವ ಆ ದಿನಗಳಲ್ಲಿ ಯಾವ ಕೆಲಸ ಯಾವತ್ತು ಶುರುವಾಗಿ ಯಾವತ್ತು ಮುಗಿಯಬೇಕು, ಅದನ್ನು ಯಾರು ಮಾಡಬೇಕು ಎಂದು ಬಾರ್ ಚಾರ್ಟ್ ತಯಾರಿಸುವುದು ಅವನ ಹೊಣೆ.

ಹಿಂದಿನ ಎಂಜಿನಿಯರ್ ಉಮಾಮಹೇಶ್ವರ ನಿವೃತ್ತರಾಗುವಾಗ ಬಿಟ್ಟುಹೋಗಿದ್ದ ಚಾರ್ಟು ಕೈಯಲ್ಲಿ ಬರೆದದ್ದು. ಎಡಗಡೆ ಕೆಲಸ, ಪಕ್ಕದಲ್ಲಿ ಮಾಡುವವರ ಹೆಸರು, ಮೇಲ್ಗಡೆ ತಾರೀಖು. ಒಂದೊಂದು ಕೆಲಸಕ್ಕೂ ಬಣ್ಣದ ಪೆನ್ಸಿಲಿನ ಒಂದು ಅಡ್ಡಪಟ್ಟಿ. ಒಂದು ಮುಗಿದಲ್ಲಿ ಇನ್ನೊಂದು ಶುರು. ಇಟ್ಟಿಗೆ ಕೀಳುವ ಪಟ್ಟಿಗೂ ಕುಲುಮೆಯ ಕೆಳಗಿನ ಗುಂಡಿಗೆ ಬಿದ್ದ ಇಟ್ಟಿಗೆಚೂರು ತೆರವು ಮಾಡುವ ಪಟ್ಟಿಗೂ ನಡುವೆ ಮಾತ್ರ ಒಂದು ದಿನ ಖಾಲಿ ಇತ್ತು.

"ಇದ್ಯಾಕೆ ಬಿಟ್ಟಿದಾರೆ?" ಎಂದು ಜ್ಞಾನೇಶ್ ಫೋರ್‌ಮನ್ ಮುರುಗೇಶಪ್ಪನನ್ನು ಕೇಳಿದ.

ಮುರುಗೇಶಪ್ಪ ಚಾರ್ಟಿನ ಕಡೆ ನೋಡಲಿಲ್ಲ. "ಗುಂಡಿ ಆರ್ಲಿ ಅಂತ ಸಾರ್."

"ಅಷ್ಟೊತ್ತಿಗೆ ಆರಿರುತ್ತಲ್ರೀ."

"ಆರಿರುತ್ತೆ," ಎಂದಷ್ಟೇ ಹೇಳಿ ಅವನು ಹೊರಟುಹೋದ.

ಜ್ಞಾನೇಶ್ ಕಂಪ್ಯೂಟರಿನಲ್ಲಿ ಹೊಸ ಚಾರ್ಟು ಮಾಡಿದ. ಖಾಲಿ ದಿನ ತೆಗೆದ. ಹಾಳೆಗಳನ್ನು ಅಂಟಿಸಿ ಶೆಡ್ಡಿನ ಗೋಡೆಗೆ ಹಾಕಿಸಿದ. ಇನ್ನೊಂದು ನಿಯಮವನ್ನೂ ತಂದ: ಶಟ್‌ಡೌನ್ ಹೊತ್ತಲ್ಲಿ ಚಾರ್ಟಿನಲ್ಲಿ ಹೆಸರಿದ್ದವರಿಗೆ ಮಾತ್ರ ಗೇಟ್ ಪಾಸು. ಮ್ಯಾನೇಜರಿಗೆ ಬಹಳ ಖುಷಿಯಾಯಿತು.

ಇಟ್ಟಿಗೆ ಕಿತ್ತ ಮಾರನೆಯ ಬೆಳಿಗ್ಗೆ ಗೇಟಿನ ಹತ್ತಿರ ಹೆಂಗಸೊಬ್ಬಳು ಊಟದ ಕ್ಯಾರಿಯರ್ ಹಿಡಿದು ವಾಚ್‌ಮನ್ ಜೊತೆ ಮಾತಾಡುತ್ತಿದ್ದಳು. ಯಾರದೋ ಮನೆಯವಳಿರಬೇಕು ಎಂದುಕೊಂಡು ಜ್ಞಾನೇಶ್ ಬೈಕು ನಿಲ್ಲಿಸದೆ ಒಳಗೆ ಬಂದ.

ಅವತ್ತು ಗುಂಡಿಗೆ ಐದು ಜನ ಇಳಿದರು. ಕೆಳಗೆ ಯಾರೂ ಉಳಿಯದಂತೆ, ಇಳಿದವರನ್ನೂ ಹತ್ತಿದವರನ್ನೂ ಗುಂಡಿಯ ಬಾಯಲ್ಲಿ ಏಣಿಯ ಪಕ್ಕ ನಿಂತು ಎಣಿಸುವುದು ಮುರುಗೇಶಪ್ಪನ ಕೆಲಸ. ಊಟದ ಹೊತ್ತಿಗೆ ಅವನ ಎಣಿಕೆಯಲ್ಲಿ ಹತ್ತಿ ಬಂದವರು ಆರು ಜನ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮುಖ ನೋಡಿದ, ಐದೇ. ಸಂಜೆಯೂ ಹಾಗೇ ಆಯಿತು.

ಜ್ಞಾನೇಶ್ ನಕ್ಕ. ಮಾರನೆಯ ದಿನ ತಾನೇ ಏಣಿಯ ಪಕ್ಕ ನಿಂತ. ಧೂಳಿನಲ್ಲಿ ಹೆಲ್ಮೆಟ್ಟು, ಬಾಯಿಗೆ ಕಟ್ಟಿದ ಬಟ್ಟೆ, ಒಬ್ಬೊಬ್ಬರಾಗಿ ಮೇಲೆ ಬಂದರು. ಐದನೆಯವನ ಹಿಂದೆ ಇನ್ನೊಂದು ಕೈ ಏಣಿಯ ಮೆಟ್ಟಿಲು ಹಿಡಿಯಿತು, ಮೊಣಕೈವರೆಗೆ ಇಟ್ಟಿಗೆಯ ಪುಡಿ ಮೆತ್ತಿದ ಕೈ. ಯಾರೋ ಅವನ ಪಕ್ಕದಲ್ಲೇ ಹಾದುಹೋದರು. "ಆರು" ಎಂದು ಅವನೇ ಬಾಯಿಬಿಟ್ಟು ಹೇಳಿದ. ತಿರುಗಿ ನೋಡಿದರೆ ಐವರು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು.

ಆಮೇಲೆ ಯಾರೂ ಗುಂಡಿಗೆ ಇಳಿಯಲು ಒಪ್ಪಲಿಲ್ಲ. ಅದು ತೆರವಾಗದೆ ಮುಂದಿನ ಯಾವ ಕೆಲಸವೂ ಶುರುವಾಗುವಂತಿರಲಿಲ್ಲ. ಮ್ಯಾನೇಜರ್ ಫೋನಿನ ಮೇಲೆ ಫೋನು ಮಾಡಿದರು.

"ಈಗಲಾದ್ರೂ ಹೇಳಿ ಮುರುಗೇಶಪ್ಪನೋರೆ, ಆ ದಿನ ಯಾಕೆ ಖಾಲಿ ಬಿಡ್ತಿದ್ರಿ?"

ಮುರುಗೇಶಪ್ಪ ಹೆಲ್ಮೆಟ್ಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಮೂರು ವರ್ಷದ ಹಿಂದೆ ಇಟ್ಟಿಗೆ ಕಿತ್ತ ಮಾರನೇ ದಿನ ನಮ್ ಹಾಲೇಶ ಗುಂಡಿಗೆ ಇಳಿದಿದ್ದ. ಮೇಲೆ ಕೀಳದೆ ಉಳಿದಿದ್ದ ಕುಲುಮೆ ಗೋಡೆ ಅವನ ಮೇಲೇ ಕುಸೀತು. ಅವತ್ತಿಂದ ಪ್ರತಿ ವರ್ಷ ಆ ದಿನ ಅವನ ಹೆಂಡ್ತಿ ದ್ಯಾಮಮ್ಮ ಅಡಿಗೆ ಮಾಡ್ಕೊಂಡು ಬರ್ತಾಳೆ. ಏಣಿ ಹತ್ರ ಎಡೆ ಇಡ್ತಾಳೆ, ನಾವೆಲ್ಲ ಊಟ ಮಾಡ್ತೀವಿ. ಉಮಾಮಹೇಶ್ವರ ಸಾಹೇಬ್ರು ಕಾರಣ ಬರೀದೆ ದಿನ ಬಿಡ್ತಿದ್ರು. ಈ ಸಲ ಗೇಟಲ್ಲಿ ಬಿಡ್ಲಿಲ್ಲ. ಚಾರ್ಟಲ್ಲಿ ಹೆಸರಿಲ್ಲ ಅಂದ್ರಂತೆ."

"ನನಗೆ ಹೇಳಬಾರದಿತ್ತಾ?"

"ನಗ್ತೀರಿ ಅಂದ್ಕೊಂಡೆ ಸಾರ್."

ಇಬ್ಬರೂ ಬೈಕಿನಲ್ಲಿ ಮಲವಗೊಪ್ಪಕ್ಕೆ, ದ್ಯಾಮಮ್ಮನ ಮನೆಗೆ ಹೋದರು. ದ್ಯಾಮಮ್ಮ ಬಾಗಿಲಲ್ಲಿ ಕೂತು ಯಾರದೋ ರವಿಕೆಗೆ ಕೈಹೊಲಿಗೆ ಹಾಕುತ್ತಿದ್ದಳು. ಗೇಟಿನಲ್ಲಿ ಕಂಡಿದ್ದವಳು ಅವಳೇ. ಮುರುಗೇಶಪ್ಪ ಎಲ್ಲ ಹೇಳಿದ. ಅವಳು ಹೆದರಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಜ್ಞಾನೇಶನ ಕಡೆ ತಿರುಗಿದಳು.

"ನೀವು ಕಂಡ್ರಾ?"

"ಕೈ ಮಾತ್ರ ಕಂಡೆ ಅಮ್ಮಾ."

"ಹೆಬ್ಬೆರಳು ಸೊಟ್ಟ ಇತ್ತಾ?"

"ಅಷ್ಟು ಗಮನಿಸಲಿಲ್ಲ."

"ಗಮನಿಸ್ಬೇಕಿತ್ತು." ಅವಳು ಮುರುಗೇಶಪ್ಪನ ಕಡೆ ತಿರುಗಿದಳು. "ನಿಮಗೆಲ್ಲ ಕಾಣಿಸ್ಕೊಂಡ್ರು. ಮೂರು ವರ್ಷದಲ್ಲಿ ನನ್ನ ಕನಸಿಗೂ ಒಂದ್ಸಲ ಬಂದಿಲ್ಲ ಮುರುಗೇಶಣ್ಣ. ಮನೆ ದಾರಿ ಮರೆತು ಹೋಯ್ತಾ ಅವ್ರಿಗೆ?"

"ನಾಳೆ ಬನ್ನಿ ಅಮ್ಮಾ. ಗೇಟಿನಲ್ಲಿ ಯಾರೂ ತಡೆಯಲ್ಲ," ಎಂದ ಜ್ಞಾನೇಶ್.

"ಬರ್ತೀನಿ. ಆದ್ರೆ ಈ ಸಲ ಗುಂಡಿಗೆ ನಾನೇ ಇಳೀತೀನಿ."

ಕಾರ್ಖಾನೆಗೆ ಮರಳಿ ಜ್ಞಾನೇಶ್ ಚಾರ್ಟಿನಲ್ಲಿ ಉಳಿದಿದ್ದ ಎಲ್ಲ ಪಟ್ಟಿಗಳನ್ನೂ ಒಂದು ದಿನ ಮುಂದಕ್ಕೆ ಸರಿಸಿದ. ಹಾಗೆ ಖಾಲಿಯಾದ ದಿನದಲ್ಲಿ ದ್ಯಾಮಮ್ಮನ ಹೆಸರು ಬರೆದ. ಮ್ಯಾನೇಜರ್ ಕೂಗಾಡಿದರು, ಅವನು ತಲೆ ತಗ್ಗಿಸಿ ಕೇಳಿಸಿಕೊಂಡ, ಹೆಸರು ಅಳಿಸಲಿಲ್ಲ.

ಮಾರನೆಯ ಬೆಳಿಗ್ಗೆ ದ್ಯಾಮಮ್ಮ ದೊಡ್ಡ ಹೆಲ್ಮೆಟ್ಟು ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಎಡೆಯನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಸಿದರು. ಕೆಳಗಿನಿಂದ ಮೊದಲು ಅವಳ ಮಾತು ಕೇಳಿಸುತ್ತಿತ್ತು, ಮನೆಯವರನ್ನು ಊಟಕ್ಕೆ ಕೂರಿಸಿ ಬಡಿಸುವಾಗಿನ ಮಾತು: ಇನ್ನೊಂಚೂರು ಹಾಕ್ಲಾ, ಸಾರು ಬೇಕಾ. ನಡುನಡುವೆ ಅವಳು ಉತ್ತರ ಕೇಳಿಸಿಕೊಳ್ಳುವವಳಂತೆ ಸುಮ್ಮನಾಗುತ್ತಿದ್ದಳು. ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಜ್ಞಾನೇಶ್ ಏಣಿಗೆ ಕಾಲಿಡಬೇಕು ಎನ್ನುವಷ್ಟರಲ್ಲಿ ಅವಳೇ ಹತ್ತಿ ಬಂದಳು.

ಎಲ್ಲರೂ ಅವಳ ಹಿಂದೆ ಏಣಿಯನ್ನೇ ನೋಡುತ್ತಿದ್ದರು. ಅವಳೂ ತಿರುಗಿ ನಿಂತಳು. "ತಡೀರಿ, ಬರ್ತಾರೆ," ಎಂದಳು.

ಏಣಿಯಲ್ಲಿ ಯಾರೂ ಕಾಣಲಿಲ್ಲ.

ಎಲ್ಲರೂ ಅಲ್ಲೇ ಕೂತು ಊಟ ಮಾಡಿದರು. ಅವಳು ತಿನ್ನಲಿಲ್ಲ. ಊಟವಾದ ಮೇಲೆ ಐವರೂ ತಾವಾಗಿಯೇ ಎದ್ದು, "ಈಗ ಇಳೀತೀವಿ ಸಾರ್, ಭಯ ಇಲ್ಲ," ಎಂದರು. ಅವರು ಕೆಲಸ ಮಾಡುವಷ್ಟು ಹೊತ್ತೂ ದ್ಯಾಮಮ್ಮ ಗುಂಡಿಯ ಬಾಯಲ್ಲಿ ಕೂತಿದ್ದಳು. ಸಂಜೆ ಅವರು ಹತ್ತಿ ಬಂದಾಗ ಒಬ್ಬೊಬ್ಬರ ಮುಖವನ್ನೂ ಕೈಯನ್ನೂ ಬಗ್ಗಿ ನೋಡಿದಳು.

"ಐದು," ಎಂದ ಮುರುಗೇಶಪ್ಪ. ಅವನ ದನಿಯಲ್ಲಿ ಸಮಾಧಾನವಿತ್ತು. "ಲೆಕ್ಕ ಸರಿಯಾಯ್ತು ತಂಗಿ. ಹೊಟ್ಟೆ ತುಂಬಿಸ್ಕೊಂಡು ಹೋದ."

ದ್ಯಾಮಮ್ಮ ಅವನ ತೋಳು ಹಿಡಿದುಕೊಂಡಳು.

"ಇನ್ನೊಂದ್ಸಲ ಎಣಿಸಣ್ಣ."

ಎಣಿಸಿದ.

"ಇನ್ನೊಂದ್ಸಲ," ಎಂದಳು.