ಅಮಾವಾಸ್ಯೆಗೆ ಬಂದ ಮೂರನೇ ರಿಸೀವರ್

ಮೂರನೇ ರಿಸೀವರ್ ಬರುವ ಸುದ್ದಿಯನ್ನು ವಿದ್ಯಾವತಿಗೆ ಗಂಡ ಸುಭಾಸ ಹೇಳಲಿಲ್ಲ, ಓಣಿ ಹೇಳಿತು. ಅಂದಿನ ಕೊನೆಯ ಪಾಳಿಯ ಹಿಟ್ಟು ಬೀಸಿಸಿಕೊಂಡು ಹೊರಟಿದ್ದ ಪಕ್ಕದ ಮನೆಯ ಕಾಶೆವ್ವ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿ, "ಅಲ್ಲವಾ ವಿದ್ಯಾ, ಅಮಾಸಿ ದಿನ ಹೊಸಾ ಮಷೀನ ತರಸ್ತಾರಂತಲ್ಲ ನಿಮ್ಮವರು. ಇದಾದ್ರೂ ಉಳೀತೈತೋ, ಇದೂ ತಿರಗಿ ಹೋಗತೈತೋ?" ಎಂದಳು. ವಿದ್ಯಾವತಿ ಬಡಿಯುತ್ತಿದ್ದ ರೊಟ್ಟಿ ಹರಿಯಿತು.

ಅಂಬೇವಾಡಿಯ ಆ ಓಣಿಯಲ್ಲಿ ಸುಭಾಸನ ಹಿಟ್ಟಿನ ಗಿರಣಿಗೆ ಬಾರದವರಿಲ್ಲ. ಎರಡು ತಿಂಗಳಿಂದ ಅವನು ಬಂದವರಿಗೆಲ್ಲ ಹಿಟ್ಟಿನ ಜೊತೆ ರಿಸೀವರಿನ ಪುರಾಣವನ್ನೂ ಕಟ್ಟಿ ಕೊಡುತ್ತಿದ್ದ. ರಿಸೀವರ್ ಅಂದರೆ ಟಿವಿಯ ಸದ್ದನ್ನು ಎಳೆದುಕೊಂಡು ಗೋಡೆಯ ಐದು ಸ್ಪೀಕರಿಗೂ ಮೂಲೆಯ ದಪ್ಪ ವೂಫರಿಗೂ ಹಂಚಿಕೊಡುವ ಕರಿ ಡಬ್ಬಿ. ಅದು ಸೋವಿ ಇರಬೇಕು, ಆದರೆ ಸದ್ದು ಎದೆಗೆ ಬಡಿಯಬೇಕು. ಅದರ ವ್ಯಾಟ್ ಎಷ್ಟು, ಎಷ್ಟು ತೂತು, ಯಾವ ತೂತಿಗೆ ಯಾವ ವಾಯರು ಎಂಬುದನ್ನೆಲ್ಲ ಗಿರಣಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ. ಪಾಳಿ ಕಾಯುತ್ತ ನಿಂತ ಹೆಂಗಸರು ಬೇರೆ ಓದಲು ಏನೂ ಇಲ್ಲದೆ ಅದನ್ನೇ ಓದಿ ಓದಿ ಅರ್ಧ ಮೆಕ್ಯಾನಿಕ್ಕುಗಳಾಗಿದ್ದರು.

ಈ ಹುಚ್ಚು ಹತ್ತಿದ್ದು ಮೌಳಂಗಿಯಲ್ಲಿ. ಅಲ್ಲಿನ ಹೋಮ್‌ಸ್ಟೇ ಒಂದಕ್ಕೆ ಹಿಟ್ಟು ಕೊಡಲು ಹೋದ ಸುಭಾಸ, ಅವರ ಹಾಲ್‌ನಲ್ಲಿ ಹೊಡೆದಾಟದ ಸಿನಿಮಾ ಒಂದನ್ನು ಹತ್ತು ನಿಮಿಷ ನೋಡಿ ಬಂದಿದ್ದ. "ಎದಿಗೇ ಕೇಳ್ತು ನೋಡ ವಿದ್ಯಾ! ನಮ್ಮ ಟಿವಿ ಸ್ಪೀಕರು ಬರೇ ತಗಡು. ಮಂದಿ ಏನ ಮಾತಾಡ್ತಾರ ಒಂದೂ ತಿಳಿಯಂಗಿಲ್ಲ" ಎಂದಿದ್ದ. ಟಿವಿಯ ಸದ್ದು ಅಂಬೇವಾಡಿಯ ಅರ್ಧಕ್ಕೆ ಕೇಳುತ್ತಿತ್ತು. ಕೇಳದವನು ಅದರ ಮುಂದೆ ಕೂತವನೊಬ್ಬನೇ.

ವಿದ್ಯಾವತಿಗೆ ಸಿಟ್ಟು ಬರುತ್ತಿದ್ದುದೇ ಇಲ್ಲಿ. ಕೆಟ್ಟಿದ್ದು ಕಿವಿ, ರಿಪೇರಿ ಟಿವಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಎರಡು ವರ್ಷದಿಂದ ಅವಳು ಹೇಳುತ್ತಲೇ ಇದ್ದಳು: ಹುಬ್ಬಳ್ಳಿಗೆ ಹೋಗೋಣ, ಕಿವಿ ತೋರಿಸೋಣ. ಅವನದು ಒಂದೇ ಉತ್ತರ. "ನನ್ನ ಕಿವಿಗೇನಾಗೇತಿ? ಕಣ್ಣು ಕಟ್ಟು. ಕಲ್ಲಿನ ಸದ್ದು ಕೇಳೇ ಗೋದಿಯೋ ಜ್ವಾಳೋ ಹೇಳ್ತೇನಿ."

ಹೇಳುತ್ತಿದ್ದ ಕೂಡ. ಅದೇ ಅವಳ ಗ್ರಹಚಾರ. ಕಾಶೆವ್ವ ಒಮ್ಮೆ ಅವನ ಕಣ್ಣಿಗೆ ಟವೆಲ್ ಕಟ್ಟಿಸಿ, ಜೋಯಿಡಾದ ಕಡೆಯವರು ತಂದಿದ್ದ ರಾಗಿಯನ್ನು ಗುಟ್ಟಾಗಿ ಸುರಿಸಿದ್ದಳು. ಅವನು ಕಾಳಿನ ಡಬ್ಬಿಯ ಮೇಲೆ ಕೈಯಿಟ್ಟು ಎರಡು ಗಳಿಗೆ ನಿಂತು, "ರಾಗಿ. ಸ್ವಲ್ಪ ಹಸೀ ಐತಿ" ಎಂದಿದ್ದ. ಓಣಿ ಚಪ್ಪಾಳೆ ತಟ್ಟಿತ್ತು. ಅಂಥವನಿಗೆ ಕಿವುಡು ಎಂದರೆ ಯಾರು ನಂಬುತ್ತಾರೆ? ಗಿರಣಿಗೆ ಬಂದವರೆಲ್ಲ ಆ ಗದ್ದಲದಲ್ಲಿ ಕೂಗಿಯೇ ಮಾತಾಡುವವರು, ಇಲ್ಲವೇ ಬೆರಳಲ್ಲಿ ಹೇಳುವವರು. ಹೆಬ್ಬೆರಳು ತೋರುಬೆರಳು ಉಜ್ಜಿ ತೋರಿಸಿದರೆ ಸಣ್ಣ ಹಿಟ್ಟು, ಚಿಟಿಕೆ ಬಿಡಿಸಿದರೆ ರವೆ, ಅಂಗೈ ಅಡ್ಡ ಹಿಡಿದರೆ ನಿಲ್ಲಿಸು. ಅಲ್ಲಿ ಕಿವಿಗೆ ಕೆಲಸವೇ ಇರಲಿಲ್ಲ.

ಆದರೆ ಹೋದ ಶ್ರಾವಣದಲ್ಲಿ ಅದೇ ಕಾಶೆವ್ವನ ಸೆರಗು ಮೋಟಾರಿನ ಬೆಲ್ಟಿಗೆ ಸಿಕ್ಕಿತ್ತು. ಅವಳು ಕಿರುಚಿದ್ದು ಗೋಡೆಯಾಚೆ ಅಡುಗೆಮನೆಯಲ್ಲಿದ್ದ ವಿದ್ಯಾವತಿಗೆ ಕೇಳಿತು. ಒಂದು ಮಾರು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಸುಭಾಸನಿಗೆ ಕೇಳಲಿಲ್ಲ. ಅವಳೇ ಓಡಿ ಬಂದು ಸ್ವಿಚ್ಚು ಇಳಿಸಿದಳು. ಸೀರೆ ಹರಿಯಿತು, ಜೀವ ಉಳಿಯಿತು. "ಇಷ್ಟ ಗದ್ದಲದಾಗ ಯಾರಿಗ ಕೇಳತೈತಿ?" ಎಂದು ಅವನು ತನ್ನ ತಪ್ಪನ್ನು ಮೋಟಾರಿನ ಮೇಲೆ ಹಾಕಿದ. ಅಂದಿನಿಂದ ಗಿರಣಿ ತಿರುಗುವಷ್ಟು ಹೊತ್ತೂ ವಿದ್ಯಾವತಿ ಸ್ವಿಚ್ಚಿನ ಬದಿಗೆ ಸ್ಟೂಲು ಹಾಕಿಕೊಂಡು ಕೂತವಳು ಎದ್ದಿಲ್ಲ. ಮುಂಡಗೋಡದಲ್ಲಿ ಮಗಳು ನಿರ್ಮಲಾ ಇದ್ದಳು. ಮೊಮ್ಮಗು ಹುಟ್ಟಿ, ಬೋರಲು ಬಿದ್ದು, ಅಂಬೆಗಾಲಿಟ್ಟು ಈಗ ಗೋಡೆ ಹಿಡಿದು ನಿಲ್ಲುತ್ತಿತ್ತಂತೆ. ಅಜ್ಜಿ ಅದನ್ನು ನೋಡಿದ್ದು ಎರಡೇ ಸಲ. ಎರಡು ಸಲವೂ ಅಮಾವಾಸ್ಯೆಯಂದು ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಮರಳಿದ್ದಳು. ಗಿರಣಿ ನಿಲ್ಲುತ್ತಿದ್ದುದು ಅಮಾವಾಸ್ಯೆ ಒಂದೇ ದಿನ.

ಈ ಸಲದ ಅಮಾವಾಸ್ಯೆಯನ್ನು ರಿಸೀವರ್ ನುಂಗಿತು.

ಮೊದಲನೆಯದನ್ನು ಕೊಟ್ಟವನು ಬಸ್‌ಸ್ಟ್ಯಾಂಡ್ ಹತ್ತಿರ ಟಿವಿ ಅಂಗಡಿಯ ಮುಬಾರಕ. ಗೋಡೆಗೆ ಮೊಳೆ ಹೊಡೆದು ಸ್ಪೀಕರುಗಳನ್ನು ತೂಗುಹಾಕಿ ಹಾಡು ಹಚ್ಚಿದಾಗ ಸುಭಾಸ ವೂಫರಿನ ಮೇಲೆ ಅಂಗೈ ಒತ್ತಿ, "ಹಾಂ, ಇದರಾಗ ಜೀವ ಐತಿ" ಎಂದ. ತೆಳ್ಳನೆಯ ಸದ್ದೆಲ್ಲ ಹೊರಡುವ, ಸ್ಪೀಕರಿನೊಳಗಿನ ಪುಟ್ಟ ಟ್ವೀಟರಿನ ಮೇಲೆ ಕೈಯಿಟ್ಟು, "ಇದು ಸತ್ತೈತಿ. ಇದಕ್ಕ ರಿಸೀವರ್ ಸದ್ದ ಕೊಡವಲ್ದು" ಎಂದ. ಐದಕ್ಕೂ ಅದೇ ತೀರ್ಪು. ಟ್ರೆಬಲ್, ಅಂದರೆ ಆ ತೆಳ್ಳನೆಯ ಸದ್ದು, ಏರಿಸು ಅಂದ. ಮುಬಾರಕ ಏರಿಸಿದ. ವಿದ್ಯಾವತಿಯ ಹಲ್ಲು ಜುಮ್ಮೆಂದವು, ಓಣಿಯ ನಾಯಿಗಳು ಬೊಗಳಿದವು. ಸುಭಾಸ ಮಾತ್ರ ಹೆಣ ನೋಡಿದ ಡಾಕ್ಟರನಂತೆ ತಲೆಯಾಡಿಸಿದ. ಡಿಫೆಕ್ಟ್ ಪೀಸ್! ಎರಡನೆಯದನ್ನು ಹಳಿಯಾಳದ ಒಂದು ಅಂಗಡಿಯಿಂದ ತಂದ. ಅದೂ ಡಿಫೆಕ್ಟ್ ಪೀಸ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಎರಡು ಊರಿನ ನೆಲವನ್ನು ಡೊಂಕು ಮಾಡಿ ಬಂದಿದ್ದ.

ಅಮಾವಾಸ್ಯೆಯ ಮಧ್ಯಾಹ್ನ ಗಿರಣಿಯ ಕಲ್ಲಿಗೆ ಕಾಯಿ ಒಡೆದು ಮುಗಿಯುವ ಹೊತ್ತಿಗೆ ಮುಬಾರಕ ಸ್ಕೂಟರಿನ ಮೇಲೆ ಡಬ್ಬ ಇಟ್ಟುಕೊಂಡು ಬಂದ. ಅವನ ಮುಖದಲ್ಲೂ ಉತ್ಸಾಹ ಇರಲಿಲ್ಲ.

"ಸುಭಾಸಣ್ಣಾ, ಇದು ಮೂರರಾಗ ಸೋವಿ. ವ್ಯಾಟ್ ಕಡಿಮಿ. ಆದ್ರ ಇದರ ಜೋಡಿ ಒಂದು ಸಣ್ಣ ಮೈಕ್ ಬರತೈತಿ. ನೀವು ಕೂಡೂ ಜಾಗಾದಾಗ ಇಟ್ರ, ಎಲ್ಲಾ ಸ್ಪೀಕರ್ ಕೆಲಸ ಮಾಡತಾವೋ ಇಲ್ಲೋ ಅದೇ ಕೇಳಿ ಹೇಳತೈತಿ. ಇನ್ನ ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ."

"ಭೇಷ್! ಮಷೀನ ಬಾಯಾಗೇ ಬರ್ಲಿ ಖರೇ."

ಸುಭಾಸನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಹಿಟ್ಟಿನ ಎರಡು ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ, ಅವನ ಕಿವಿಯಷ್ಟೇ ಎತ್ತರಕ್ಕೆ ಮುಬಾರಕ ಮೈಕು ಇಟ್ಟ. ಅಡಿಕೆಯಷ್ಟು ದೊಡ್ಡದು ಅದು. "ಯಾರೂ ಮಾತಾಡಬಾರದ್ರಿ. ಫ್ಯಾನ್ ಬಂದ್ ಮಾಡ್ರಿ ವೈನಿ" ಎಂದ. ವಿದ್ಯಾವತಿ ಫ್ಯಾನ್ ನಿಲ್ಲಿಸಿ ಅಡುಗೆಮನೆಯ ಬಾಗಿಲಲ್ಲಿ, ಗಂಡನ ಬೆನ್ನ ಹಿಂದೆ ನಿಂತಳು.

ರಿಸೀವರ್ ಚಿಲಿಪಿಲಿ ಶುರು ಮಾಡಿತು. ಮೊದಲು ಎಡಗಡೆಯ ಸ್ಪೀಕರಿನಿಂದ ಸೂಜಿಯಂಥ ಒಂದು ಸದ್ದು ಮೇಲೇರಿ ಹೋಯಿತು. ಆಮೇಲೆ ಬಲಗಡೆಯಿಂದ. ಸುಭಾಸ ಕೈಕಟ್ಟಿ ಗಂಭೀರವಾಗಿ ಕೂತಿದ್ದ, ಇನ್ನೂ ಏನೂ ಶುರುವಾಗಿಲ್ಲವೆಂಬಂತೆ. ಅವನ ಆ ಬೆನ್ನು, ಆ ನೆಮ್ಮದಿ ನೋಡಿ ವಿದ್ಯಾವತಿಗೆ ತಲೆಯ ಮೇಲೆ ನೀರು ಕುದ್ದಂತಾಯಿತು. ಇಷ್ಟು ದಿನ ಅವನೊಡನೆ ಕೂಗಿಯೇ ಮಾತಾಡಿದವಳು ಮೊದಲ ಸಲ ಮೆಲ್ಲನೆ, ಮನುಷ್ಯರು ಮಾತಾಡುವ ದನಿಯಲ್ಲಿ ಹೇಳಿದಳು.

"ನಾ ನಾಳೆ ಮುಂಡಗೋಡಕ್ಕ ಹೋಗ್ತೇನಿ."

ಚಿಲಿಪಿಲಿ ನಿಂತಿತು. ಟಿವಿಯ ಮೇಲೆ ಇಂಗ್ಲಿಷಿನ ಕೆಂಪಕ್ಷರ ಬಂದವು. ಮುಬಾರಕ ಹಿಂದೆ ತಿರುಗಿ ಅವಳನ್ನು ನೋಡಿದ. ಆಮೇಲೆ ಸುಭಾಸನ ಎದುರು ನಿಂತು ಕೂಗಿದ. "ಕೋಣ್ಯಾಗ ಗದ್ದಲ ಐತಿ ಅಂತೈತಣ್ಣಾ. ಅದಕ್ಕ ನಿಲ್ಲಿಸ್ತು."

"ಗದ್ದಲ?" ಸುಭಾಸ ಕೈ ಝಾಡಿಸಿದ. "ಸೂಜಿ ಬಿದ್ರ ಕೇಳೂವಷ್ಟು ಶಾಂತ ಐತಿ! ಯಾಂವ ಮಾತಾಡ್ಯಾನ ಇಲ್ಲೆ? ಇನ್ನೊಮ್ಮೆ ಹಚ್ಚು."

ಮುಬಾರಕ ಹಚ್ಚಿದ. ಎರಡು ಸ್ಪೀಕರು ಮುಗಿದವು. ಈ ಸಲ ವಿದ್ಯಾವತಿ ಒಂದೇ ಮಾತಿಗೆ ನಿಲ್ಲಿಸಲಿಲ್ಲ.

"ಎಂಟ ದಿನ ಇರ್ತೇನಿ. ಮೊಮ್ಮಗಾ ನಡ್ಯಾಕ ಕಲಿಯೂದ ನಾ ನೋಡಬೇಕು. ಈ ಸ್ಟೂಲ ಮ್ಯಾಲೆ ಕುಂತು ಕುಂತು ಸಾಕಾಗೇತಿ ನನಗ. ದಿನಾ ಆ ಬೆಲ್ಟ್ ನೋಡ್ತೇನಿ, ದಿನಾ ನಿಮ್ಮ ಕೈ ನೋಡ್ತೇನಿ. ಅಂಜಿಕಿ ಬರತೈತ್ರಿ ನನಗ..."

ಮತ್ತೆ ಕೆಂಪಕ್ಷರ.

"ಏನ ಮಷೀನಪಾ ಇದು! ಸುಳ್ಳ ಬೊಗಳತೈತಿ. ಇದೂ ಡಿಫೆಕ್ಟ್ ಪೀಸು! ನೋಡ ವಿದ್ಯಾ, ನೀನೇ ಹೇಳು" ಎನ್ನುತ್ತ ಸುಭಾಸ ಸಿಟ್ಟಿನಿಂದ ಎದ್ದು ಹಿಂದೆ ತಿರುಗಿದ. ಹೆಂಡತಿಯ ಬಾಯಿ ಆಡುತ್ತಲೇ ಇತ್ತು. ಅವಳ ಕೆನ್ನೆ ಒದ್ದೆಯಾಗಿತ್ತು. ಅವನು ಕಂಡನೆಂದು ಅವಳು ನಿಲ್ಲಿಸಲಿಲ್ಲ.

ಸುಭಾಸ ಅವಳನ್ನು ನೋಡಿದ. ಟಿವಿಯನ್ನು ನೋಡಿದ. ಆಮೇಲೆ ಹಿಟ್ಟಿನ ಡಬ್ಬದ ಮೇಲೆ, ತನ್ನ ಕಿವಿ ಇರುವ ಎತ್ತರದಲ್ಲೇ ಕೂತಿದ್ದ ಆ ಅಡಿಕೆಯಷ್ಟರ ಮೈಕನ್ನು ನೋಡಿದ.

"ಅದಕ್ಕ ಕೇಳ್ತೇನು?" ಎಂದ ಮುಬಾರಕನಿಗೆ.

ಮುಬಾರಕ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದ.

"ಹಿಂದ ನಿಂತು ಪರೀಕ್ಷಾ ಮಾಡ್ತಿಯೇನ ನನ್ನ?" ಎಂದು ಸುಭಾಸ ಹೆಂಡತಿಯ ಮೇಲೆ ಹರಿಹಾಯ್ದ. ಆದರೆ ಆ ಸಿಟ್ಟಿಗೆ ಕಾಲಿರಲಿಲ್ಲ, ಅಲ್ಲೇ ಕುಸಿಯಿತು. ಅವನು ಕುರ್ಚಿಯ ತೋಳಿನ ಮೇಲೆ ಕೂತ. "ನೀ ಏನಂದಿ?" ಎಂದು ಕೇಳಿದ.

ಎರಡು ವರ್ಷದಲ್ಲಿ ಅವನು ಆ ಪ್ರಶ್ನೆಯನ್ನು ಒಮ್ಮೆಯೂ ಹಾಕಿರಲಿಲ್ಲ. ಕೇಳಿಸದ್ದಕ್ಕೆಲ್ಲ ಹೂಂ ಎಂದು ತಲೆಯಾಡಿಸಿ ದಾಟಿ ಹೋಗುತ್ತಿದ್ದ. ಏನಂದಿ ಎಂದರೆ ಕಿವುಡನ್ನು ಒಪ್ಪಿಕೊಂಡಂತೆ. ಅದು ವಿದ್ಯಾವತಿಗೆ ಗೊತ್ತಿತ್ತು. ಅವಳು ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. ಮುಂದೆ ಬಂದು, ಅವನಿಗೆ ಬಾಯಿ ಕಾಣುವಂತೆ ನಿಂತು, ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಮುಂಡಗೋಡ, ಎಂಟು ದಿನ, ಸ್ಟೂಲು, ಬೆಲ್ಟು, ಅಂಜಿಕೆ.

ಅವನು ತನ್ನ ಬಲಗೈಯನ್ನು ತಾನೇ ನೋಡಿಕೊಂಡ. ಬೆರಳ ಗೆರೆಗಳಲ್ಲಿ ಹಿಟ್ಟು ಕೂತ ಕೈ.

"ಕಲ್ಲಿನ ಸದ್ದು ಕೈಗೆ ಬರತೈತಿ ವಿದ್ಯಾ. ಡಬ್ಬಿ ಮ್ಯಾಲೆ ಕೈ ಇಟ್ರ ಗೋದಿ ಬ್ಯಾರೆ ನಡಗತೈತಿ, ಜ್ವಾಳ ಬ್ಯಾರೆ. ಕಿವಿಗೆ ಬರೂದು ನಿಂತು ಭಾಳ ದಿನ ಆತು. ಹೇಳಿದ್ರ ಗಿರಣಿ ಬಂದ್ ಮಾಡು ಅಂತೀರಿ ಅಂತ ಹೇಳಲಿಲ್ಲ. ಗಿರಣಿ ಬಿಟ್ರ ನನಗ ಏನ ಬರತೈತಿ ಹೇಳು."

ರಾಗಿ ಸುರಿಸಿದ ದಿನ ಅವನ ಕೈ ಎಲ್ಲಿತ್ತು, ವೂಫರಿಗೆ ಯಾಕೆ ಜೀವವಿತ್ತು, ಟ್ವೀಟರು ಯಾಕೆ ಸತ್ತಿದ್ದವು ಎಂಬುದೆಲ್ಲ ವಿದ್ಯಾವತಿಗೆ ಒಂದೇ ಏಟಿಗೆ ಹೊಳೆಯಿತು. ಕಣ್ಣೆದುರೇ ಇದ್ದದ್ದನ್ನು ಕಾಣದ ತನ್ನ ಮೇಲೂ ಅವಳಿಗೆ ರೇಗಿತು.

"ಬಂದ್ ಮಾಡಂತ ಯಾರಂದಾರ್ರಿ? ಡಾಕ್ಟರ್ ಕಡೆ ಹೋಗೂಣು ಅಂದೇನಿ. ಬಾಯಿ ಹರಕೊಂಡು ಎರಡ ವರ್ಷ ಅದನ್ನ ಅಂದೇನಿ!"

"ಅದು ಕೇಳಿತ್ತು" ಎಂದ ಸುಭಾಸ, ತಪ್ಪು ಮಾಡಿದವನಂತೆ.

ನಗಬೇಕೋ, ಕೈಗೆ ಸಿಕ್ಕ ಸೌಟು ಬೀಸಬೇಕೋ ಅವಳಿಗೆ ತಿಳಿಯಲಿಲ್ಲ. ಈ ನಡುವೆ ಮುಬಾರಕ, ಹೇಗೂ ಇದೂ ವಾಪಸು ಎಂದುಕೊಂಡು, ವಾಯರು ಸುತ್ತತೊಡಗಿದ್ದ. ಸುಭಾಸ ಅಂಗೈ ಅಡ್ಡ ಹಿಡಿದ. ನಿಲ್ಲಿಸು.

"ಇದು ಇರ್ಲಿ. ಇದನ್ನ ತಗೋತೇನಿ."

"ವ್ಯಾಟ್ ಕಡಿಮಿ ಅಣ್ಣಾ. ಆಮ್ಯಾಲೆ ಅನ್ನಬ್ಯಾಡ್ರಿ."

"ಇರ್ಲಿ. ಖರೇ ಹೇಳತೈತಿ. ನಾಳೆ ಗಿರಣಿ ಬಂದ್, ಮೊದಲ ಹುಬ್ಬಳ್ಳಿ. ಡಾಕ್ಟರ್ ಏನಂತಾನೋ ಕೇಳಿ, ನಾನ ಇಕೀನ್ನ ಮುಂಡಗೋಡಕ್ಕ ಬಿಟ್ಟು ಬರ್ತೇನಿ. ಇಕಿ ಬರೂತನಕ ಕಲ್ಲು ತಿರಗೂದಿಲ್ಲ, ಓಣಿ ಅನ್ನಾ ತಿನ್ನಲಿ. ಹಚ್ಚಪಾ, ಪೂರಾ ಹಚ್ಚು."

ಅಮಾವಾಸ್ಯೆಯಲ್ಲದ ದಿನ ಆ ಗಿರಣಿ ನಿಂತದ್ದನ್ನು ವಿದ್ಯಾವತಿ ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ. ಅವಳು ಬಂದು ಗಂಡನ ಪಕ್ಕದಲ್ಲಿ ಕೂತಳು. ಮುಬಾರಕ ಬೆರಳನ್ನು ತುಟಿಗಿಟ್ಟು ಇಬ್ಬರನ್ನೂ ಗದರುವಂತೆ ನೋಡಿ ಗುಂಡಿ ಒತ್ತಿದ.

ಎಡಗಡೆಯ ಸ್ಪೀಕರು ಉಲಿಯಿತು. ಸುಭಾಸ ಏನೂ ಗೊತ್ತಾಗದೆ ಹೆಂಡತಿಯ ಮುಖ ನೋಡಿದ. ಅವಳು ಅವನ ಕೈ ಹಿಡಿದು ಅಂಗೈಯಲ್ಲಿ ಬೆರಳಿನಿಂದ ಒಮ್ಮೆ ಒತ್ತಿದಳು. ಬಲಗಡೆಯದು ಉಲಿಯಿತು, ಇನ್ನೊಮ್ಮೆ ಒತ್ತಿದಳು. ನಡುವಿನದು. ಹಿಂದಿನ ಒಂದು. ಹಿಂದಿನ ಇನ್ನೊಂದು. ಐದು ಒತ್ತು ಮುಗಿಯುವ ಹೊತ್ತಿಗೆ ಸುಭಾಸನ ಕಣ್ಣು ಅಗಲವಾಗಿದ್ದವು. ಸತ್ತವೆಂದು ಎರಡು ಊರಲ್ಲಿ ಅವನು ಸಾರಿ ಬಂದ ಐದೂ ಬದುಕಿದ್ದವು. ಇನ್ನು ವೂಫರೊಂದು ಬಾಕಿ ಇತ್ತು.

"ಐದೂ ಅದಾವೇನ ವಿದ್ಯಾ!" ಎಂದು ಅವನು ಮನೆ ಹಾರಿ ಹೋಗುವಂತೆ ಕೂಗಿದ.

ಟಿವಿಯ ಮೇಲೆ ಕೆಂಪಕ್ಷರ ಬಂದವು. ಮುಬಾರಕ ಹಣೆ ಹಣೆ ಬಡಿದುಕೊಂಡ. ವಿದ್ಯಾವತಿ ಹಿಡಿದ ಕೈ ಬಿಡಲಿಲ್ಲ.